ಬೆನ್ನು ಬಲ್ಲವಳು

ಹೆಸರು ಮರೆಯುತ್ತೇನೆ, ಬೆನ್ನು ಮರೆಯುವುದಿಲ್ಲ.
ಬುರ್ಸಾದ ಈ ಹಳೇ ಹಮಾಮಿನಲ್ಲಿ
ಗುಮ್ಮಟದ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುವ
ಕಾದ ಕಲ್ಲುಹಾಸಿನ ಮೇಲೆ
ನಲವತ್ತಾರು ವರ್ಷ ಹೆಂಗಸರ ಮೈ ಉಜ್ಜಿದ್ದೇನೆ.
ಮುಖಕ್ಕೆ ಬಣ್ಣ ಗೊತ್ತು, ಪುಡಿ ಗೊತ್ತು, ಸುಳ್ಳು ಗೊತ್ತು.
ಬೆನ್ನಿಗೆ ಆ ಜಾಣತನವಿಲ್ಲ.

ಮದುವೆಗೆ ಮೂರು ದಿನವಿದೆ ಎನ್ನುವಾಗ ಬಂದಳು ಮುಝೆಯ್ಯೆನ್,
ಪೀಚ್ ತೋಟದವರ ಮಗಳು,
ಹಿಂದೆಯೇ ದಮ್ಮಡಿ ಬಡಿಯುವ ನಾದಿನಿಯರು.
ಅವಳಿಗೆ ಹತ್ತೊಂಬತ್ತು, ನನಗೂ.
ಒರಟು ಕೈಚೀಲದಿಂದ ತಿಕ್ಕಿದರೆ
ಸತ್ತ ತೊಗಲು ಬೂದು ಬತ್ತಿಯಾಗಿ ಹೊಸೆದು ಬಂತು,
ಕೆಳಗಿಂದ ಸುಲಿದ ಬಾದಾಮಿ.
ಬೆರಳೊತ್ತಿದರೆ, ಒತ್ತೇ ಇಲ್ಲವೆನ್ನುವಂತೆ ಪುಟಿಯುತ್ತಿತ್ತು.
ಎಡ ಹೆಗಲೆಲುಬಿನ ಕೆಳಗೊಂದು ಮಚ್ಚೆ,
ಮಸೂರ ಕಾಳಿನಷ್ಟು, ಅಷ್ಟೇ ದುಂಡಗೆ.

ಆಮೇಲೆ ಗುರುವಾರ ಗುರುವಾರ.
ಮೂರು ಹೆರಿಗೆ ಹೊಟ್ಟೆಯ ಮೇಲೆ
ನೀರಿಳಿದ ಮರಳಿನ ಗೆರೆ ಬಿಟ್ಟುಹೋದವು.
ತೋಟದ ಬಿಸಿಲು ಕತ್ತನ್ನು ಸುಟ್ಟಿತು,
ಮುಂಗೈಯಲ್ಲಿ ಚಹಾದ ಕಲೆ ಹಾಕಿತು.
ಸೂರ್ಯ ಬಡ್ಡಿ ವಸೂಲು ಮಾಡುವುದು ತೆರೆದ ಬಾಗಿಲಿನಿಂದಲೇ;
ಕಂಕುಳ ಬಳಿಯ ಒಳತೋಳು ಮಾತ್ರ
ಇವತ್ತಿಗೂ ಹತ್ತೊಂಬತ್ತರಲ್ಲೇ ಕೂತಿದೆ.

ಮುಟ್ಟು ನಿಂತ ವರ್ಷ ಮೈಯ ಪಸೆಯೂ ಬತ್ತಿತು.
ಮೊಣಕಾಲ ಕೆಳಗೆ ಕೆರೆದಂಗಳ.
ಹೇಳದೆ ಕೇಳದೆ ನಾನು ಒರಟು ಚೀಲ ಬಿಟ್ಟು
ರೇಷ್ಮೆಯದನ್ನು ತೊಟ್ಟೆ, ಬಿಸಿನೀರಿನ ನಲ್ಲಿ ತಿರುವಿದೆ.
"ನನ್ನ ಮುದುಕಿ ಮಾಡಿಬಿಟ್ಟೆಯಾ ನಾಜಿಫೆ?"
ಮಾಡಿದ್ದು ನಾನಲ್ಲ ಎಂದು ಹೇಳಲಿಲ್ಲ.
ಹೇಳಿದ್ದು ಇಷ್ಟು:
ಸಾಬೂನು ಸಂದಿಗಳಿಗೆ ಸಾಕು, ಮೈಗೆಲ್ಲ ಬೇಡ.
ಟವೆಲಿನಿಂದ ಒರೆಸಬೇಡ, ಒತ್ತು.
ಹನಿ ಆರುವ ಮೊದಲೇ ಮುಲಾಮು ಹಚ್ಚು,
ಔಷಧದಂಗಡಿಯದು, ಘಮವಿಲ್ಲದ್ದು, ಅಗ್ಗದ್ದು.
(ಹೊರಗೆ ಗುಲಾಬಿ ಕ್ರೀಮು ಮಾರುವ ನನ್ನ ಯಜಮಾನಿಗೆ
ಈ ಮಾತು ತಲುಪದಿರಲಿ.)

ಈಗ ತೊಗಲು ಈರುಳ್ಳಿಯ ಒಳಪೊರೆ.
ಕುರ್ಚಿ ತಗುಲಿದರೆ ನೇರಳೆ,
ಉಗುರು ತಗುಲಿದರೆ ಹರಿದ ಕಾಗದ.
ಹಿಂಡಿ ಬಿಟ್ಟರೆ ನೆರಿಗೆ ನಿಂತೇ ಇರುತ್ತದೆ,
ಉಟ್ಟವಳು ಎದ್ದುಹೋದರೂ ಬಟ್ಟೆ ಮರೆಯದ ನೆರಿಗೆ.

ಹೋದ ಅಕ್ಟೋಬರಿನ ಗುರುವಾರ
ಎಡ ಹೆಗಲ ಕೆಳಗೆ ನನ್ನ ಕೈ ನಿಂತಿತು.
ಮಸೂರ ಕಾಳಿಗೆ ಅಂಚು ಹರಿದಿತ್ತು,
ಒದ್ದೆ ಹಾಳೆಯಲ್ಲಿ ಶಾಯಿ ಕದಡಿದಂತೆ
ಕಪ್ಪು ಒಂದು ಕಡೆಗೆ ಜಾರಿತ್ತು.
"ಯಾಕೆ ನಿಲ್ಲಿಸಿದೆ?"
ತನ್ನ ಬೆನ್ನು ತನಗೆ ಕಾಣದು.
ಗಂಡ ಹೋಗಿ ಒಂಬತ್ತು ವರ್ಷ,
ಆ ಬೆನ್ನನ್ನು ನೋಡುವವಳು ನಾನೊಬ್ಬಳೇ.
ಹೇಳಿದೆ. ನಕ್ಕಳು. ಮತ್ತೆ ಹೇಳಿದೆ. ಬೈದಳು.
"ಆಸ್ಪತ್ರೆಯ ಚೀಟಿ ತಾ,
ಅಲ್ಲಿಯ ತನಕ ನಿನಗೆ ನೀರು ಹೊಯ್ಯುವುದಿಲ್ಲ."
ಮರದ ಚಪ್ಪಲಿ ಕಲ್ಲಿಗೆ ಬಡಿಯುತ್ತ ಎದ್ದುಹೋದಳು,
ತಲೆಯಲ್ಲಿನ್ನೂ ಸಾಬೂನಿನ ನೊರೆ.

ಹದಿನೇಳು ಗುರುವಾರ ಬರಲಿಲ್ಲ.

ಬಂದಾಗ ಊರ ಮೇಲೆ ಹಿಮವಿತ್ತು.
ಮಾತಿಲ್ಲದೆ ಬೋರಲು ಮಲಗಿದಳು.
ಮಚ್ಚೆಯ ಜಾಗದಲ್ಲಿ ನಾಲ್ಕು ಬೆರಳುದ್ದದ ಹೊಲಿಗೆ,
ಗುಲಾಬಿ, ನುಣುಪು,
ಆ ಇಡೀ ಮೈಯಲ್ಲಿ ಎಲ್ಲಕ್ಕಿಂತ ಎಳೆಯ ತೊಗಲು.
ಅಲ್ಲಿ ಉಜ್ಜಲಿಲ್ಲ. ತಾಮ್ರದ ಬಟ್ಟಲು ಓರೆ ಮಾಡಿ
ಉಗುರುಬೆಚ್ಚಗಿನ ನೀರು ಬಿಟ್ಟೆ, ಬಹಳ ಹೊತ್ತು.
ಹೋಗುವಾಗ ಒಂದು ಜಾಡಿ ಪೀಚ್ ಮುರಬ್ಬ ಇಟ್ಟಳು,
ಬಾಗಿಲ ಬಳಿ ತಿರುಗಿ, "ಸಕ್ಕರೆ ಜಾಸ್ತಿಯಾಗಿದೆ" ಎಂದಳು.

ಆ ರಾತ್ರಿ ಕೊನೆಯ ಗಿರಾಕಿ ಹೋದ ಮೇಲೆ
ಕೆಲಸ ಕಲಿಯಲು ಬಂದ ಎಲ್ಮಾಸಳನ್ನು ಕರೆದೆ,
ಅಂಗಿ ತೆಗೆದು ದೀಪಕ್ಕೆ ಬೆನ್ನು ಕೊಟ್ಟು ಕೂತೆ.
"ಏನಿಲ್ಲ ಅಜ್ಜಿ, ಬರೀ ಸುಕ್ಕು."
ಸರಿಯಾಗಿ ನೋಡು ಮಗಳೇ.
ಮಚ್ಚೆ ಎಷ್ಟಿವೆ, ಎಣಿಸು.
ಯಾವುದು ಎಲ್ಲಿದೆ, ನೆನಪಿಟ್ಟುಕೋ.