ಒಂದಿಟ್ಟಿಗೆಯಷ್ಟು ಗಾಳಿ

ಪಾಷಾಣದ ಕೆರೆಯಿಂದ ಏಳುತ್ತದೆ ಥಂಡಿ,
ಹೆಸರಿಗೆ ತಕ್ಕ ಹಾಗೆ, ಕಲ್ಲಾಗಿ.
ಮೊದಲು ಮುಟ್ಟುವುದು ತಗಡನ್ನು,
ಆಮೇಲೆ ತಗಡಿಗೆ ಬೆನ್ನು ಕೊಟ್ಟು ಮಲಗಿದವರನ್ನು.
ಹದಿನೇಳನೇ ಮಾಳಿಗೆಗೆ ಇನ್ನೂ ಸ್ಲ್ಯಾಬ್ ಬಿದ್ದಿಲ್ಲ;
ಅದರ ಬುಡದಲ್ಲಿ ನಮ್ಮ ನಲವತ್ತೊಂದು ಖೋಲಿ,
ಒಂದೊಂದಕ್ಕೂ ಒಂದು ಬಾಗಿಲು,
ಕಿಟಕಿ ಎಂಬುದು ಮೇಲೆ ಬರಲಿರುವವರಿಗೆ.

ನಿನ್ನೆ ನಸುಕಿನಲ್ಲಿ ಡ್ರಮ್ಮಿಗೆ ಕೈ ಹಾಕಿದ ಸಾಬಮ್ಮ
ಹಾವು ಮುಟ್ಟಿದವಳಂತೆ ಹಿಂದೆಳೆದುಕೊಂಡಳು.
'ಇದೇನವ್ವಾ, ನೀರಿಗೆ ಹಲ್ಲು ಬಂದಾವ!'
ಸುರಪುರದ ಬಿಸಿಲಿಗೆ ಹುಟ್ಟಿದವರು ನಾವು,
ನೆರಳಿನ ಬೆಲೆ ಬಲ್ಲೆವು.
ಬಿಸಿಯನ್ನು ಕಾಸಿನ ಹಾಗೆ ಕೂಡಿಡಬೇಕೆಂದು
ಯಾರೂ ಕಲಿಸಿರಲಿಲ್ಲ.

ಕಲಿತೆವು.
ಸಿಮೆಂಟಿನ ಖಾಲಿ ಚೀಲ ಕೊಡವಿ, ನಾಲ್ಕು ಸೇರಿಸಿ ಹೊಲಿದರೆ
ಚಾಪೆಯ ಕೆಳಗೊಂದು ಚಾಪೆ.
ಎದೆಗೆ ಮರಾಠಿ ಪೇಪರು, ಅದರ ಮೇಲೆ ಅಂಗಿ, ಅಂಗಿಯ ಮೇಲೆ ಅಂಗಿ.
ಮರೆಪ್ಪ ದಿನಾ ವಧು-ವರರ ಜಾಹೀರಾತು ಹೊದ್ದೇ ಮಲಗುತ್ತಾನೆ,
ಇನ್ನೂ ಹೆಣ್ಣು ಕುದುರಿಲ್ಲ.
ಒದ್ದೆ ಕಾಲುಚೀಲದಲ್ಲಿ ಮಲಗಬಾರದು.
ಕೂಸಿನ ತಲೆ ಮುಚ್ಚಬೇಕು, ಮೂಗು ಮುಚ್ಚಬಾರದು.
ಸಜ್ಜೆ ರೊಟ್ಟಿ, ಎಳ್ಳು ಹಿಂಡಿ, ಬೆಲ್ಲ ಇದ್ದರೆ ಬೆಲ್ಲ.
ಸಾರಾಯಿ ಮೈ ಕಾಯಿಸುತ್ತದೆ ಎನ್ನುವುದು ಗುತ್ತೇದಾರನ ಮಾತು;
ಕುಡಿದು ಬಯಲಲ್ಲಿ ಬಿದ್ದವನ ಕಿವಿ ಮುಟ್ಟಿ ನೋಡಿ.

ಇಷ್ಟಕ್ಕೆಲ್ಲ ಒಪ್ಪುತ್ತಾರೆ. ಜಗಳ ಇರುವುದು ಇಟ್ಟಿಗೆಗೆ.

ನಾನು ಇಲ್ಲಿಯ ರಾತ್ರಿ ಕಾವಲುಗಾರ.
ಸರಳು, ಇಟ್ಟಿಗೆ, ಕೇಬಲ್ಲು ಕಾಯುವುದಕ್ಕೆ ಸಂಬಳ.
ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ಸಾಲು ಸುತ್ತುತ್ತೇನೆ.
ಒಳಗೆ ಶೆಗಡಿ ಕಂಡರೆ ಎಳೆದು ಹೊರಗಿಟ್ಟು ಮಣ್ಣು ಸುರಿಯುತ್ತೇನೆ,
ಬಾಗಿಲ ಸಂದಿಗೆ ಒಂದು ಇಟ್ಟಿಗೆ ಕೊಡುತ್ತೇನೆ,
ಪೂರಾ ಮುಚ್ಚದ ಹಾಗೆ.
ಚಿಲಕ ಹಾಕಿದ್ದರೆ ತಗಡು ಬಡಿಯುತ್ತೇನೆ.
'ನಿನ್ನ ಮನಿ ಹಾಳಾಗ! ಬಡದಾಡಿ ಕೂಡಿಸಿದ್ದ ಬಿಸಿ ಎಲ್ಲಾ ಹೋತು!'
ನಾಲ್ಕು ಭಾಷೆಯ ಬೈಗುಳ ಕಲಿತಿದ್ದೇನೆ
ಈ ಒಂದು ಧನುರ್ಮಾಸದಲ್ಲಿ.

ಹೋದ ವರ್ಷ ಮೋಶಿಯ ಸೈಟಿನಲ್ಲಿದ್ದೆ.
ಹುಸೇನಪ್ಪ, ಅವನ ಹೆಂಡತಿ ದ್ಯಾವಮ್ಮ.
ಬಾಂಡಲಿ ತುಂಬ ಕೆಂಡ ಒಯ್ದು ಕೊಟ್ಟವನು ನಾನು.
ಬಾಗಿಲ ಸಂದಿಗೆ ಚಿಂದಿ ತುರುಕಿದವನು ನಾನು.
'ಕದಾ ಛಂದಗ ಹಾಕ್ಕೊಳ್ರಿ' ಅಂದವನೂ.
ಬೆಳಿಗ್ಗೆ ಬಾಗಿಲು ಮುರಿದಾಗ ಖೋಲಿ ಇನ್ನೂ ಬೆಚ್ಚಗಿತ್ತು,
ತಾಯಿಯ ಮಗ್ಗುಲಿನ ಹಾಗೆ.
ಹೊಗೆಯಿಲ್ಲ, ವಾಸನೆಯಿಲ್ಲ.
ಇಬ್ಬರ ಕೆನ್ನೆಯೂ ಕೆಂಪು,
ಈಗಷ್ಟೇ ಏನೋ ಹೇಳಿ ನಕ್ಕು ಮಲಗಿದವರ ಹಾಗೆ.
ಡಾಕ್ಟರು ಮರಾಠಿಯಲ್ಲಿ ಬಹಳ ಹೊತ್ತು ಹೇಳಿದರು.
ನನಗೆ ತಿಳಿದದ್ದು ಒಂದೇ ಶಬ್ದ: ಹವಾ.

ಈ ರಾತ್ರಿ ಇಪ್ಪತ್ಮೂರನೇ ಖೋಲಿಗೆ ಚಿಲಕ.
ಬಡಿದೆ. ಸದ್ದಿಲ್ಲ.
ಅಂಗೈಯಿಂದ ಬಡಿದೆ, ಲಾಠಿಯಿಂದ ಬಡಿದೆ,
ಕೆರೆಯ ಆಚೆ ನಾಯಿಗಳೆಲ್ಲ ಎದ್ದವು,
ಒಳಗೆ ಯಾರೂ ಏಳಲಿಲ್ಲ.
ಹೆಗಲು ಕೊಡಬೇಕು ಎನ್ನುವಷ್ಟರಲ್ಲಿ ಒಂದು ಕೆಮ್ಮು.
'ಮಕ್ಕೊಳ್ಳಾಕ ಬಿಡ್ತಿಯೋ ಇಲ್ಲೋ, ಮುದಿಯಾ!'
ಇನ್ನೊಂದಿಷ್ಟು ಬೈ ಅಂದೆ.
ನಿಜಕ್ಕೂ ಅಂದೆ. ನಿಂತು ಕೇಳಿದೆ.
ಬೈಯುವುದಕ್ಕೆ ಎಷ್ಟು ಉಸಿರು ಬೇಕು!

ಬೆಳಗಾದರೆ ನನ್ನ ಇಟ್ಟಿಗೆಗಳೆಲ್ಲ ಒಲೆಯ ಗುಂಡಾಗುತ್ತವೆ,
ಬಟ್ಟೆ ಒಗೆಯುವ ಕಲ್ಲಾಗುತ್ತವೆ, ಹುಡುಗರ ಸ್ಟಂಪಾಗುತ್ತವೆ.
ರಾತ್ರಿ ಮತ್ತೆ ಹೊಸವು ಬೇಕು.
ಶನಿವಾರ ದೇಶಪಾಂಡೆ ಸಾಹೇಬರು ರಾಶಿ ಎಣಿಸುತ್ತಾರಂತೆ;
ಕಾವಲಿದ್ದೂ ಇಷ್ಟು ಇಟ್ಟಿಗೆ ಎಲ್ಲಿ ಹೋದವು
ಎಂದು ಕೇಳುತ್ತಾರೆ.
ಇನ್ನೂ ಹದಿನೆಂಟು ಬಾಗಿಲು ಉಳಿದಿವೆ.
ಕಂಕುಳಲ್ಲಿ ಎರಡು, ಕೈಯಲ್ಲಿ ಒಂದು,
ಮಂಜುಗಟ್ಟಿದ ಹಾಗೆ ತಣ್ಣಗಿವೆ.