ಎರಡೂವರಿ ಲಕ್ಷದ ಗೆರಿ

ತಾಳಿಕೋಟಿ ನಾಡಕಚೇರಿ ಕಿಟಕಿ ಮುಂದ ಅಪ್ಪ
ಮದುವಿ ಹಂದರದಾಗ ನಿಂತಂಗ ನಿಂತಿದ್ದ,
ಎದಿ ಉಬ್ಬಿಸಿ, ಉಸಿರು ಒಳಗ ಎಳಕೊಂಡು.
ಕೈಯಾಗ ಕ್ಲಾರಿನೆಟ್ ಇದ್ದಿದ್ದಿಲ್ಲ, ಅಷ್ಟ.

"ವರ್ಷಕ್ಕ ಎಷ್ಟ ದುಡಿತೀಯೋ ಯಮನಪ್ಪ?"
ತಲಿ ಎತ್ತದ ಕೇಳಿದ ಒಳಗಿನಾಂವ.

ಹಿಂದ ಪಾಳಿಯೊಳಗ ನಿಂತಿದ್ದ
ಕಿರಾಣಿ ಅಂಗಡಿಯವರ ಹಿರಿಮಗ.
ಹೋದ ಮಾಘದಾಗ ತಂಗಿ ಮದುವಿಗೆ
ನಮ್ಮ ಬ್ಯಾಂಡ್ ಬ್ಯಾಡಂದು
ಸೊಲ್ಲಾಪುರದಿಂದ ಡಿಜೆ ತರಿಸಿದಾಂವ.
ಅವನ್ನೊಮ್ಮೆ ನೋಡಿ, ಗಂಟಲಾ ಸರಿ ಮಾಡ್ಕೊಂಡು
ಅಪ್ಪ ಅಂದ:
"ಮೂರು ಲಕ್ಷಕ್ಕೇನ ಕಮ್ಮಿ ಇಲ್ರಿ."

ನಾ ಅಂಗಿ ಚುಂಗ ಜಗ್ಗಿದೆ.
ಅಪ್ಪ ಕೈ ಕೊಡವಿದ.
ಒಳಗ ಟಕ್ ಟಕ್ ಟಕ್ ಅಂತ ಬಡದದ್ದು ಕೇಳಸ್ತು.

ಎರಡೂವರಿ ಲಕ್ಷಕ್ಕ ಗೆರಿ ಹೊಡದಾರ.
ಈಚಿಗೆ ವಿಜಯಪುರದ ಹಾಸ್ಟೆಲ್, ಪರೀಕ್ಷಾ ಫೀ,
ಲ್ಯಾಬಿನ ಬಿಳಿ ಕೋಟು.
ಆಚಿಗೆ ನಾನು,
ಅಪ್ಪನ ಮರ್ಯಾದಿ ಹೊತ್ಕೊಂಡು.

ರಾತ್ರಿ ಹಳೇ ಕ್ಯಾಲೆಂಡರ್ ಬೋರಲ ಹಾಕಿ
ಲೆಕ್ಕ ಮಾಡೂಣು ಬಾ ಅಂದೆ.
ವೈಶಾಖದಾಗ ಹನ್ನೊಂದು ಮದುವಿ,
ಒಂದಕ್ಕ ಒಂಬತ್ತು ಸಾವಿರ, ಎಂಟು ಮಂದ್ಯಾಗ ಹಂಚಿದ್ರ—
"ಡ್ರಮ್ಮಿನ ಮೌಲಾಲಿಗೆ ಒಂದೀಟ ಹೆಚ್ಚ ಹಿಡಿ,
ಮಗಳ ಬಾಣಂತನ ಇತ್ತು."
ಆಷಾಢ? "ಬಿಡು."
ಪಕ್ಷಮಾಸ? "ಅದನ್ನೂ ಬಿಡು."
ಹೆಣದ ಮುಂದ ನುಡಿಸಿದ್ದು?
"ಅದಕ್ಕ ರೊಕ್ಕ ಹಿಡೀತಾರೇನ ಹುಚ್ಚಿ?
ಒಂದು ಟಾವೆಲ್ ಕೊಟ್ರು. ಸಾಕು."
ಮತ್ತ ಕುಡದ ಬೀಗರು ಕುಣಕೋತ ಬಂದು
ನಿನ್ನ ಹಣಿಗೆ ಅಂಟಿಸಿದ ಹತ್ತರ ನೋಟು?
ಅಪ್ಪ ನಕ್ಕ.
"ಅದು ದುಡಿಮಿ ಅಲ್ಲವ್ವಾ. ಅದು ಖುಷಿ."

ರೀಡಿನ ಖರ್ಚು, ಕೆಂಪಂಗಿ ಇಸ್ತ್ರಿ, ಟಂಟಂ ಬಾಡಿಗಿ
ಕಳದು, ಕಳದು, ಇನ್ನೂ ಕಳದು
ಉಳದದ್ದು ಎಪ್ಪತ್ತೆರಡು ಸಾವಿರದ ನಾಕನೂರು.

ಆ ಅಂಕಿನ ಅಪ್ಪ ಬಾಳೊತ್ತು ನೋಡಿದ,
ಗುರುತಿಲ್ಲದವರ ಫೋಟೋ ನೋಡಿದಂಗ.
"ಇಷ್ಟರಾಗ ನಿಮ್ಮವ್ವ ಹ್ಯಾಂಗ ತೂಗಿಸ್ಯಾಳ?"
ಅವ್ವ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ.

ಮರುದಿನ "ನೀ ಬರಬ್ಯಾಡ" ಅಂದು ಒಬ್ಬನ ಹ್ವಾದ.
ಮುಂದಿನದು ನನಗ ಮೌಲಾಲಿ ಕಾಕಾ ಹೇಳಿದ್ದು:
ಕಿಟಕಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ನಂತ.
ಒಳಗಿನಾಂವ ಕೇಳಸಲಿಲ್ಲಂದ.
ಆವಾಗ ಇಡೀ ಅಂಗಳಕ್ಕ ಕೇಳೂವಂಗ,
ಪದ ಎತ್ತಿದಂಗ ಎತ್ತಿ ಹೇಳಿದ್ನಂತ.
"ಸುಮ್ಮನ ಎಪ್ಪತ್ತು ಬರೀತೀನಿ ತಗೋ" ಅಂದದ್ದಕ್ಕ
"ನಾಕನೂರು ಬಿಡಬ್ಯಾಡ್ರಿ ಸಾಹೇಬ್ರ,
ಅದನ್ನ ಮಳ್ಯಾಗ ನಿಂತು ನುಡಿಸೇನಿ."

ಕಾಗದ ಬಂತು. ರೊಕ್ಕ ಬರಲಿಲ್ಲ.
ಮಾರ್ಕ್ಸ್ ಕಾರ್ಡಿನಾಗ ನಾನು ಕಸ್ತೂರಿ ಭಜಂತ್ರಿ,
ಆಧಾರಿನಾಗ ಬಜಂತ್ರಿ.
ಒಂದು ಅಕ್ಷರದ ಹೊಟ್ಟಿ ಸೀಳಿಲ್ಲಂತ
ಮೂರು ತಿಂಗಳು ನನ್ನ ಹೊಟ್ಟಿ ಕಾಯ್ತು.
ಊರಾಗ ಯಾರೂ ಆ ಭ ಅನ್ನೂದ ಇಲ್ಲ.

ಪರೀಕ್ಷಾ ಫೀ ಕೆಮಿಸ್ಟ್ರಿ ಮ್ಯಾಡಂ ಕಟ್ಟಿದ್ರು.
"ಬಂದಾಗ ಕೊಡು" ಅಂದ್ರು,
ರಸೀದಿ ಮಾತ್ರ ನನ್ನ ಹೆಸರಲೆ ಬರಸಿದ್ರು.
ಪರೀಕ್ಷಾ ಮುಗದು ಹನ್ನೆರಡು ದಿನಕ್ಕ
ಬಸವನ ಬಾಗೇವಾಡಿ ಸ್ಟ್ಯಾಂಡಿನಾಗ, ಬಸ್ಸು ನಿಂತಾಗ,
ಮೊಬೈಲ್ ಒಮ್ಮೆ ನಡುಗಿತು.
ಜಮಾ ಆಗಿತ್ತು.
ಬಾಜೂಕ ಕುಂತಾಕಿಗೆ ತೋರಿಸಿದೆ. ಯಾರೋ ಏನೋ.
ಆಕಿ ಶೇಂಗಾ ಕೊಟ್ಟಳು.

ಈ ವರ್ಷ ಮತ್ತ ರಿನೀವಲ್.
ಅಪ್ಪ ಈಗ ಪಟ್ಟಿ ಬರೀತಾನ,
ನಡುವ ಗೀಟು ಎಳದು ಎರಡು ಖಾನಿ:
ಎಡಕ್ಕ ದುಡಿಮಿ, ಬಲಕ್ಕ ಖುಷಿ.
ಬಲಕ್ಕ ಮನ್ನಿ ತಾನ ಬರದಾನ,
"ಕಸ್ತೂರಿ, ಎರಡನೇ ಸೆಮಿಸ್ಟರ್ ಪಾಸ್."
ಆ ಖಾನಿ ಮಾತ್ರ
ಕಚೇರ್ಯಾಗ ತೋರಸಬ್ಯಾಡ ಅಂದಾನ.
ಗೆರಿ ದಾಟೀತಂತ.