ಕಬ್ಬಿಣದ ಎರಡಕ್ಷರ

ಅಕ್ಟೋಬರಿಗೇ ಕುರಿಮಂದೆ ಹೊಡೆದುಕೊಂಡು
ಪುಲಿಯಾದ ಬಯಲಿಗೆ ಇಳಿದುಬಿಡುತ್ತಿದ್ದರು ಊರ ಗಂಡಸರು.
ಆಮೇಲೆ ಮಯೆಲ್ಲಾ ಬೆಟ್ಟದ ಕೆಳಗೆ ಉಳಿಯುತ್ತಿದ್ದದ್ದು
ಹೆಂಗಸರು, ಮಕ್ಕಳು, ಒಬ್ಬ ಕೆಮ್ಮುವ ಪಾದ್ರಿ,
ಮೊಳಕಾಲುದ್ದ ಹಿಮ.

ಕ್ರಿಸ್ಮಸ್ಸಿಗೆ ಎಂಟು ದಿನ ಇರುವಾಗ ಅಮ್ಮ
ಅಟ್ಟದಿಂದ ಇಕ್ಕಳ ಇಳಿಸುತ್ತಿದ್ದಳು:
ಎರಡು ಮೊಳದ ಹಿಡಿ, ತುದಿಗೆ ಎರಡು ಬಿಲ್ಲೆ,
ಬಿಲ್ಲೆಯ ಮೈತುಂಬ ಜೇನುಹುಟ್ಟಿನ ಗೆರೆ,
ನಡುವೆ ಏನೋ ಎರಡು ಗುರುತು.
ಗ್ವಾರ್ದಿಯಗ್ರೇಲೆಯ ಕಮ್ಮಾರ ಮಾಡಿದ್ದು ಅನ್ನುತ್ತಿದ್ದರು.
ಯಾರಿಗಾಗಿ ಅಂತ ಯಾರೂ ಅನ್ನುತ್ತಿರಲಿಲ್ಲ.

ಮೊಟ್ಟೆ ಆರು. ಸಕ್ಕರೆಯೂ ಆರು ಚಮಚ,
ಡಬ್ಬಿಯ ತಳ ನೋಡಿ ಐದು.
ಸೋಂಪನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಹಾಕುವಳು.
ಹಿಟ್ಟೆಷ್ಟಮ್ಮಾ ಅಂದರೆ
‘ಅದು ಎಷ್ಟು ಕೇಳುತ್ತೋ ಅಷ್ಟು.’
ಗಡಿಯಾರ ಇದ್ದದ್ದು ಚರ್ಚಿನಲ್ಲಿ, ಅದೂ ನಿಂತಿತ್ತು.
ಒಂದು ಮಗ್ಗುಲಿಗೆ ಒಂದು ನಮೋ ಮರಿಯಾ,
ಮಗುಚಿ ಹಾಕಿ ಒಂದು ಪರಲೋಕ ಮಂತ್ರ;
ಆಮೆನ್ ಅಂದರೆ ಬೆಂದಿತು ಅಂತ.
ಆ ಮಾತಿಗೆ ಬೇರೆ ಅರ್ಥ ಇದೆಯೆಂದು
ಬಹಳ ಕಾಲ ನನಗೆ ಗೊತ್ತೇ ಇರಲಿಲ್ಲ.

ಮೊದಲನೆಯದು ಯಾವತ್ತೂ ಕೆಡುವುದು,
ಅಂಟಿಕೊಂಡು, ಹರಿದು. ಅದನ್ನವಳು ಬಿಸಾಡುತ್ತಿರಲಿಲ್ಲ.
ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು
ಮರುದಿನ ಒಬ್ಬಳೇ ಎಲ್ಲಿಗೋ ಹೋಗಿ
ಬೂಟಿನ ತುಂಬ ಹಿಮ ತುಂಬಿಕೊಂಡು ಬರುತ್ತಿದ್ದಳು.

ಆ ವರ್ಷ ನಾನು ಶಾಲೆಗೆ ಸೇರಿದ್ದೆ.
ಟೀಚರಮ್ಮ ಕೊಟ್ಟಕೊನೆಯ ಅಕ್ಷರ ಬರೆದದ್ದು ಅದೇ ವಾರ:
ಝೇತ. ನಮ್ಮೂರಿಗೆ ಹತ್ತುವ ಹೇಸರಗತ್ತೆ ದಾರಿಯ ಹಾಗೆ
ಅಲ್ಲೊಂದು ತಿರುವು, ಇಲ್ಲೊಂದು ತಿರುವು.
ಅದನ್ನೇ ಬಾಯಲ್ಲಿ ಚಪ್ಪರಿಸುತ್ತ ಮನೆಗೆ ಬಂದರೆ
ಇಕ್ಕಳ ಬಾಯ್ತೆರೆದು ಬಿಸ್ಕತ್ತು ಬಿತ್ತು ಮೇಜಿನ ಮೇಲೆ,
ಕಬ್ಬಿಣದಲ್ಲಿ ಉಲ್ಟಾ ಇದ್ದದ್ದು ಅಲ್ಲಿ ನೆಟ್ಟಗಾಗಿ.
ಓದಿಬಿಟ್ಟೆ. ಝೇತ. ಬಾವಿಯ ಬಾಯಿಯಂಥ ಓ.
‘ಅಮ್ಮಾ, ನೀನು ಎರ್ಸೀಲಿಯಾ ಅಲ್ಲವಾ?
ಇಲ್ಲಿ ನಿನ್ನ ಹೆಸರೇ ಇಲ್ಲ.’

ಬೆಂಕಿಯಲ್ಲಿ ಬೀಚ್ ಕೊರಡು ಸಿಡಿಯಿತು.
ಇಕ್ಕಳ ಮಗುಚಿ ಹಾಕಿ ಅಂದಳು, ನನ್ನ ಕಡೆ ನೋಡದೆ:
‘ಝೆಲಿಂದಾ ಒತ್ತಾವಿಯಾನಿ. ನಿನ್ನಣ್ಣನನ್ನು ಹೆತ್ತವಳು.
ನನಗೆ ಬರುವ ಅಕ್ಷರ ಅವೆರಡೇ.’

ಅಣ್ಣ ಸಾಂತೆ. ಹನ್ನೆರಡು ತುಂಬಿತೆಂದು
ಆ ಸಲ ಅವನನ್ನೂ ಅಪ್ಪ ಮಂದೆಯ ಜೊತೆ ಕರೆದೊಯ್ದಿದ್ದ.
ಆಗ ಹೊಳೆಯಿತು ನನಗೆ
ಅವನು ಬಿಸ್ಕತ್ತಿನ ಅಂಚನ್ನಷ್ಟೇ ಇಲಿಯ ಹಾಗೆ ಸುತ್ತಲೂ ಕಡಿದು
ನಡುವಿನ ಕಾಸಿನಗಲ ಜೇಬಿಗಿಳಿಸುತ್ತಿದ್ದದ್ದು ಯಾಕೆ,
ಈಸ್ಟರಿನವರೆಗೂ ಅವನ ಕೋಟು ಸೋಂಪು ನಾರುತ್ತಿದ್ದದ್ದು ಯಾಕೆ.
ಅಮ್ಮ ನಲವತ್ತು ಬಿಸ್ಕತ್ತು ಎಣಿಸಿ ಹುಲ್ಲಿನ ಪದರದಲ್ಲಿಟ್ಟು
ಕತ್ತೆಯವನ ಕೈಲಿ ಪುಲಿಯಾಕ್ಕೆ ಕಳಿಸಿದ್ದಳು,
ಒಂದರಲ್ಲೂ ನಡು ಒಡೆಯದಂತೆ.

‘ನನ್ನದು ಹೇಗಿರುತ್ತೆ?’ ಅಂದಳು.
ಮೇಜಿನ ಮೇಲೆ ಉದುರಿದ ಹಿಟ್ಟಿನಲ್ಲಿ ಬೆರಳಾಡಿಸಿ ಬರೆದೆ.
ಬಗ್ಗಿ ನೋಡಿದಳು. ‘ಬಾಚಣಿಗೆ,’ ಅಂದಳು.
‘ಮೂರೇ ಹಲ್ಲು ಉಳಿದಿರೋ ಬಾಚಣಿಗೆ.’
ನಕ್ಕಳು ಅಂತ ಕಾಣುತ್ತೆ. ನಕ್ಕಿರಬೇಕು.
ಹಿಟ್ಟು ದಂಡವಾಗುತ್ತೆ ಅಂತ
ಅಂಗೈಯಲ್ಲಿ ಅಷ್ಟನ್ನೂ ಬಳಿದು ಬಟ್ಟಲಿಗೆ ಹಾಕಿ ಕಲಸಿದಳು.

ನಮೋ ಮರಿಯಾ ಎಲ್ಲಿಗೆ ನಿಂತಿತ್ತೋ ಇಬ್ಬರಿಗೂ ಮರೆತಿತ್ತು.
ಇಕ್ಕಳ ತೆರೆದರೆ ಆ ಒಂದು ಸೀದು ಕರಿ.
ಸೀದದ್ದನ್ನು ನನಗೆ ಕೊಡಲಿಲ್ಲ, ನಾಯಿಗೂ ಹಾಕಲಿಲ್ಲ,
ತಾನೇ ತಿಂದಳು, ಒಲೆಯ ಮುಂದೆ ನಿಂತುಕೊಂಡೇ,
ಝೇತ, ಓ, ಎಲ್ಲ.